ಕಿಟಕಿಯಿಂದಲ್ಲ, ಬಾಗಿಲಿಂದ ಬನ್ನಿ

ಕಲಹರಿ ಮರುಭೂಮಿಯಲ್ಲಿ ಬೇಟೆಗೆ ಹೊರಟ ಸ್ಯಾನ್ ಜನ ಹೂಡಿಯಾ ಎಂಬ ಮುಳ್ಳುಗಿಡದ ತಿರುಳು ಅಗಿದು ಹಸಿವು, ಬಾಯಾರಿಕೆ ತಡೆಯುತ್ತಿದ್ದರು. ದಕ್ಷಿಣ ಆಫ್ರಿಕದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ 1990ರ ದಶಕದಲ್ಲಿ ಆ ಗಿಡದ ಸತ್ವಕ್ಕೆ ಪೇಟೆಂಟ್ ಮಾಡಿಸಿತು. ಬೊಜ್ಜು ಇಳಿಸುವ ಔಷಧಿ ತಯಾರಿಸುವ ಹಕ್ಕು ಬ್ರಿಟನ್ನಿನ ಫೈಟೋಫಾರ್ಮ್‌ಗೆ, ಅಲ್ಲಿಂದ ಫೈಜರ್‌ಗೆ ಹೋಯಿತು. ಸ್ಯಾನರನ್ನು ಯಾರೂ ಕೇಳಲಿಲ್ಲ. ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಮಾತುಕತೆ ನಡೆದು, 2003ರಲ್ಲಿ ಸಿಎಸ್‌ಐಆರ್ ತನ್ನ ರಾಯಧನದಲ್ಲಿ ಶೇ 6 ಕೊಡಲು ಒಪ್ಪಿತು. ಔಷಧಿ ಮಾರುಕಟ್ಟೆಗೆ ಬರಲೇ ಇಲ್ಲ. ಆದರೆ ಒಗ್ಗಟ್ಟಾಗಿ ಕೇಳಿದರೆ ದೊಡ್ಡವರೂ ಕಿವಿಗೊಡಬೇಕಾಗುತ್ತದೆ ಎಂಬುದು ಸ್ಯಾನ್ ಮುಖಂಡರಿಗೆ ಮನದಟ್ಟಾಯಿತು.

2010ರಲ್ಲಿ ಮತ್ತೊಂದು ಪೆಟ್ಟು. ನಮೀಬಿಯಾದ ನಾಲ್ವರು ಸ್ಯಾನ್ ಹಿರಿಯರ ವಂಶವಾಹಿ ಅಧ್ಯಯನ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಹಿರಿಯರು ಒಪ್ಪಿದ್ದನ್ನು ವಿಡಿಯೊ ಮಾಡಿಕೊಂಡಿದ್ದೇವೆ, ಸರ್ಕಾರದ ಅನುಮತಿಯೂ ಇದೆ ಎಂದರು ಸಂಶೋಧಕರು. ಸಮುದಾಯದ ಮುಖಂಡರಿಗೆ ಮಾತ್ರ ಒಂದು ಮಾತೂ ತಿಳಿಸಿರಲಿಲ್ಲ. ಲೇಖನದ ಜೊತೆಗಿದ್ದ ವಿವರಗಳಲ್ಲಿ ತಮ್ಮ ಖಾಸಗಿ ವಿಚಾರಗಳಿವೆ, ಹೀಗಳೆಯುವ ಮಾತುಗಳಿವೆ ಎಂದು ಅವರು ನೊಂದುಕೊಂಡರು. ನನ್ನ ಮಟ್ಟಿಗೆ ಅನ್ಯಾಯದ ಬೇರು ಇರುವುದು ಇಲ್ಲೇ. ಒಪ್ಪಿಗೆ ಕೊಟ್ಟವರು ನಾಲ್ವರು, ಬಯಲಾದದ್ದು ಇಡೀ ಕುಲದ ಸಂಗತಿ. ಒಬ್ಬನ ರಕ್ತ ಅವನ ಒಡಹುಟ್ಟಿದವರ, ಮಕ್ಕಳ, ಇನ್ನೂ ಹುಟ್ಟದ ಮೊಮ್ಮಕ್ಕಳ ಗುಟ್ಟನ್ನೂ ಹೊರಗೆಡಹುತ್ತದೆ. ಅವರ ಪರವಾಗಿ ಸಹಿ ಹಾಕಲು ಆ ಒಬ್ಬನಿಗೆ ಹಕ್ಕೆಲ್ಲಿದೆ?

ಸಂಶೋಧಕರು ಕಿಟಕಿಯಿಂದ ನುಸುಳುವುದು ಬೇಡ, ಬಾಗಿಲಿಂದ ಬರಲಿ ಎನ್ನುತ್ತಿದ್ದರು ಸ್ಯಾನ್ ನಾಯಕ ಆಂಡ್ರೀಸ್ ಸ್ಟೀನ್‌ಕ್ಯಾಂಪ್. ಬಾಗಿಲೆಂದರೆ ಸ್ಯಾನ್ ಮಂಡಳಿ. ಅವರು 2016ರಲ್ಲಿ ತೀರಿಕೊಂಡರು. ಮರುವರ್ಷ ಮಾರ್ಚ್‌ನಲ್ಲಿ ಕೇಪ್‌ಟೌನ್‌ನಲ್ಲಿ ಸ್ಯಾನರು ತಮ್ಮದೇ ಸಂಶೋಧನಾ ನೀತಿ ಸಂಹಿತೆ ಹೊರತಂದರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಅದರ ತಿರುಳು. ಯಾವ ಸಂಶೋಧನೆಯೇ ಇರಲಿ, ಮೊದಲು ಮಂಡಳಿಯ ಮುಂದೆ ಬರಬೇಕು. ಅರ್ಥವಾಗುವ ಮಾತಿನಲ್ಲಿ ವಿವರಿಸಬೇಕು. ಕೊಟ್ಟ ಮಾತಿಗೆ ತಪ್ಪಿದವರಿಗೆ ಮುಂದೆ ಸಹಕಾರವಿಲ್ಲ. ಅಧ್ಯಯನಕ್ಕೆ ಒಳಗಾಗುತ್ತ ಬಂದ ಜನ ತಾವೇ ಷರತ್ತು ಬರೆದದ್ದು ನನಗೆ ಬಹಳ ದೊಡ್ಡ ಹೆಜ್ಜೆಯಾಗಿ ಕಾಣುತ್ತದೆ.

ಸಿರಿವಂತ ದೇಶಗಳವರು ತಮ್ಮಲ್ಲಿ ಮಾಡಲಾಗದ್ದನ್ನು ಬಡ ದೇಶಗಳಿಗೆ ಹೋಗಿ ಮಾಡುವುದನ್ನು ತಡೆಯಲು 2018ರಲ್ಲಿ ಜಾಗತಿಕ ಸಂಹಿತೆಯೊಂದು ಬಂತು. ಅದರಲ್ಲಿ 23 ವಿಧಿಗಳಿವೆ. ಅವನ್ನು ಹಂಚಿರುವುದು ಸ್ಯಾನರ ಅದೇ ನಾಲ್ಕು ಮೌಲ್ಯಗಳಡಿ. ಯುರೋಪಿಯನ್ ಆಯೋಗ ತನ್ನ ಅನುದಾನದ ಸಂಶೋಧನೆಗಳಿಗೆ ಅದನ್ನು ಅಳವಡಿಸಿಕೊಂಡಿದೆ.