ತೊಟ್ಟಿಲು ಮತ್ತು ಕಂಪ್ಯೂಟರ್

ಬೆಳಕೆಯ ತರುಣರೊಬ್ಬರು ತಲೆನೋವೆಂದು ಬಂದಿದ್ದರು. ಹಗಲು ಹೊನ್ನಾವರದಲ್ಲಿ ನೌಕರಿ. ರಾತ್ರಿ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯುವ ಹವ್ಯಾಸ. ಮನೆಯಲ್ಲಿ ಒಂದೂವರೆ ತಿಂಗಳ ಮಗು. ದೃಷ್ಟಿ, ರಕ್ತದೊತ್ತಡ ಸರಿಯಾಗಿದ್ದವು. ‘ನಿನ್ನೆ ಹೆದ್ದಾರಿಯಲ್ಲಿ ಬೈಕ್ ಮೇಲೇ ಕಣ್ಣು ಮುಚ್ಚಿಹೋಯಿತು ಡಾಕ್ಟ್ರೇ’ ಎಂದಾಗ ಕಾರಣ ತಿಳಿಯಿತು. ಅದು ನಿದ್ರೆಯ ಕೊರತೆ.

ಎಳೆಗೂಸು ದಿನಕ್ಕೆ 14ರಿಂದ 17 ಗಂಟೆ ಮಲಗಿದರೂ ಎರಡು-ಮೂರು ಗಂಟೆಗೊಮ್ಮೆ ಹಾಲಿಗಾಗಿ ಏಳುತ್ತದೆ. ಹಗಲು-ರಾತ್ರಿಯ ಭೇದ ಅದಕ್ಕಿನ್ನೂ ತಿಳಿಯದು. ದೊಡ್ಡವರಿಗಾದರೋ ಕನಿಷ್ಠ 7 ಗಂಟೆ ನಿದ್ರೆ ಬೇಕು. ಸತತ 17 ಗಂಟೆ ಎಚ್ಚರವಿದ್ದರೆ ಮದ್ಯ ಸೇವಿಸಿದವರಂತೆ ಚುರುಕುತನ ಕುಂದುತ್ತದೆಂದು ಪ್ರಯೋಗಗಳು ತೋರಿಸಿವೆ.

ಹವ್ಯಾಸವನ್ನು ಬಿಡಬೇಕಿಲ್ಲ, ವೇಳೆ ಬದಲಿಸಿದರೆ ಸಾಕು. ವಾರಕ್ಕೆರಡು ಸಂಜೆ ಒಂದೊಂದು ತಾಸು ಕಂಪ್ಯೂಟರಿಗೆ ಇಡಿ. ರಾತ್ರಿ ಬೇಗ ಮಲಗಿ. ಎದೆಹಾಲು ಕೊಡುವವಳು ತಾಯಿ. ಆದರೆ ತೇಗು ಬರಿಸುವುದು, ಬಟ್ಟೆ ಬದಲಿಸುವುದು ತಂದೆಗೂ ಸಾಧ್ಯ. ಬಾಣಂತಿಗೂ ಅಷ್ಟು ವಿಶ್ರಾಂತಿ ಸಿಕ್ಕೀತು. ಮಗುವನ್ನು ಎತ್ತಿಕೊಂಡು ಸೋಫಾದಲ್ಲಿ ತೂಕಡಿಸಬೇಡಿ, ಉಸಿರುಗಟ್ಟುವ ಅಪಾಯವಿದೆ. ಅದನ್ನು ಅಂಗಾತವಾಗಿಯೇ ಮಲಗಿಸಿ.

ಹೊಸ ತಂದೆಯರಿಗೂ ಖಿನ್ನತೆ ಬರುವುದುಂಟು. ಬೇಸರ, ಸಿಡುಕು ಎರಡು ವಾರ ಮೀರಿದರೆ ವೈದ್ಯರನ್ನು ಕಾಣಿರಿ. ಉಚಿತ ಟೆಲಿ-ಮಾನಸ್ ಸಹಾಯವಾಣಿ 14416 ಕೂಡ ಇದೆ.

ಪ್ರೋಗ್ರಾಮಿನ ತಪ್ಪನ್ನು ನಾಳೆಯೂ ತಿದ್ದಬಹುದು. ಇಂದು ರಾತ್ರಿ ಮಲಗಿ.