ರದ್ದಿಯ ತಕ್ಕಡಿಯಿಂದ ಪಾರಾದ ಚಿತ್ರಕಥೆಗಳು

ಯುಗಾದಿಗೆ ಮುನ್ನ ಮನೆ ಸಾರಿಸಿ, ಸುಣ್ಣ ಬಳಿದು, ನಾಗೊಂದಿಗೆಯ ಮೇಲಿನ ಸಾಮಾನುಗಳನ್ನೆಲ್ಲ ಕೆಳಗಿಳಿಸುವ ರೂಢಿ ವಿಜಯಪುರ ಸೀಮೆಯಲ್ಲಿ ಇಂದಿಗೂ ಉಂಟು. ವಿಜಯಪುರದಿಂದ ಬಸವನ ಬಾಗೇವಾಡಿಯತ್ತ ಹೊರಟರೆ ಸಿಗುವ ಮನಗೂಳಿಯೂ ಇದಕ್ಕೆ ಹೊರತಲ್ಲ. ತಗಡಿನ ಟ್ರಂಕುಗಳು ವರ್ಷಕ್ಕೊಮ್ಮೆ ಬಾಯಿ ತೆರೆಯುವುದು ಆಗಲೇ. ಮದುವೆಯ ಲಗ್ನಪತ್ರಿಕೆಗಳು, ಹಳೆಯ ಪಂಚಾಂಗ, ಪಾಸಾದ ವರ್ಷದ ಗೈಡುಗಳು, ಇವುಗಳ ನಡುವೆ ನಾಲ್ಕಾರು ಚಂದಮಾಮ, ಹೊದಿಕೆ ಕಿತ್ತುಹೋದ ಅಮರ ಚಿತ್ರಕಥೆ, ಫ್ಯಾಂಟಮ್ ಕುದುರೆಯೇರಿ ಬರುವ ಒಂದೆರಡು ಇಂದ್ರಜಾಲ ಕಾಮಿಕ್ಸ್. ಹುಡುಗರು ದೊಡ್ಡವರಾಗಿ ಪುಣೆಗೋ ಬೆಂಗಳೂರಿಗೋ ಹೋಗಿದ್ದಾರೆ. ಇನ್ನು ಇವನ್ನು ಯಾರು ಓದುತ್ತಾರೆ? ರದ್ದಿಯವನು ಬಂದಾಗ ಎಲ್ಲವೂ ತಕ್ಕಡಿಗೆ.

ಇದೇ ಕಾಗದಕ್ಕೆ ಇನ್ನೊಂದು ಹಾದಿಯೂ ಇದೆ. ಜಗತ್ತಿನ ಹಲವು ನಗರಗಳಲ್ಲಿ ಕಾಮಿಕ್ಸ್ ಪ್ರಿಯರ ಸಮಾವೇಶಗಳು ನಡೆಯುತ್ತವೆ. ಅಲ್ಲಿ ಒಂದು ಮೇಜು ಬಾಡಿಗೆಗೆ ಹಿಡಿದು, ಹಳೆಯ ಚಿತ್ರಕಥೆಗಳನ್ನು ಪೆಟ್ಟಿಗೆಗಳಲ್ಲಿ ಜೋಡಿಸಿ ಕೂರುವ ವ್ಯಾಪಾರಿ ತೂಕ ನೋಡುವುದಿಲ್ಲ; ಸಂಚಿಕೆಯ ಸಂಖ್ಯೆ ನೋಡುತ್ತಾನೆ, ವರ್ಷ ನೋಡುತ್ತಾನೆ, ಪುಟ ಎಣಿಸುತ್ತಾನೆ. ಈ ವ್ಯಾಪಾರ ಹೇಗೆ ಹುಟ್ಟಿತು, ಹೇಗೆ ನಡೆಯುತ್ತದೆ, ಕನ್ನಡದ ಟ್ರಂಕುಗಳಿಗೂ ಅದಕ್ಕೂ ಏನು ಸಂಬಂಧ ಎಂಬುದು ತಿಳಿಯಬೇಕಾದ ಸಂಗತಿ.

ಹತ್ತು ಸೆಂಟಿನ ಪುಸ್ತಕ

ಸೂಪರ್‌ಮ್ಯಾನ್ ಮೊದಲ ಬಾರಿಗೆ ಕಾಣಿಸಿಕೊಂಡ ಆ್ಯಕ್ಷನ್ ಕಾಮಿಕ್ಸ್‌ನ ಪ್ರಥಮ ಸಂಚಿಕೆ 1938ರಲ್ಲಿ ಅಮೆರಿಕದಲ್ಲಿ ಹೊರಬಂದಾಗ ಅದರ ಬೆಲೆ ಹತ್ತು ಸೆಂಟ್. ಅದರ ಒಂದು ಪ್ರತಿ 2024ರ ಏಪ್ರಿಲ್‌ನಲ್ಲಿ ಹರಾಜಿನಲ್ಲಿ 60 ಲಕ್ಷ ಡಾಲರಿಗೆ ಮಾರಾಟವಾಯಿತು. ಇಷ್ಟೊಂದು ಬೆಲೆ ಯಾಕೆ? ಕಥೆಯ ಸೊಗಸಿಗಲ್ಲ. ಆ ಕಥೆ ಮರುಮುದ್ರಣದಲ್ಲಿ ಯಾರಿಗೂ ಸಿಗುತ್ತದೆ. ಮೂಲ ಪ್ರತಿಗಳು ಇಂದು ಉಳಿದಿರುವುದು ನೂರರ ಆಸುಪಾಸು ಎಂಬ ಅಂದಾಜಿದೆ. ಉಳಿದವು ಎಲ್ಲಿ ಹೋದವು? ಮಕ್ಕಳು ಓದಿ ಹರಿದರು, ತಾಯಂದಿರು ಕಸಕ್ಕೆ ಹಾಕಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದೇಶಕ್ಕಾಗಿ ರದ್ದಿ ಕಾಗದ ಕೂಡಿಸುವ ಆಂದೋಲನ ನಡೆದಾಗ ಮಕ್ಕಳು ತಮ್ಮ ಕಾಮಿಕ್ಸ್‌ಗಳನ್ನೇ ಹೊತ್ತೊಯ್ದು ಕೊಟ್ಟರು. ಅಂದರೆ ಅಪರೂಪದ ಪುಸ್ತಕವನ್ನು ಅಪರೂಪ ಮಾಡಿದ್ದು ಅಲ್ಲಿಯೂ ರದ್ದಿಯೇ.

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ 1970ರ ಮಾರ್ಚ್ 21ರಂದು ಯು.ಎಸ್. ಗ್ರಾಂಟ್ ಹೋಟೆಲಿನಲ್ಲಿ ಒಂದು ದಿನದ ಸಣ್ಣ ಕೂಟ ನಡೆಯಿತು. ಬಂದವರು ಸುಮಾರು ನೂರು ಮಂದಿ. ಶೆಲ್ ಡಾರ್ಫ್ ಮತ್ತು ಅವರ ಎಳೆಯ ಗೆಳೆಯರು ಕಟ್ಟಿದ ಈ ಕೂಟಕ್ಕೆ ಮೊದಲ ಹಣ ಒದಗಿಸಿದವರಲ್ಲಿ ಒಬ್ಬ ರಿಚರ್ಡ್ ಆಲ್ಫ್. ಅಂಚೆಯ ಮೂಲಕ ಹಳೆಯ ಕಾಮಿಕ್ಸ್ ಮಾರುತ್ತಿದ್ದ ಹದಿಹರೆಯದ ಹುಡುಗ ಆತ! ಈಗ ಲಕ್ಷಕ್ಕೂ ಮೀರಿದ ಜನ ಸೇರುವ ಜಾತ್ರೆಯ ಬುಡದಲ್ಲಿ ಹೀಗೆ ಒಬ್ಬ ಹಳೆ ಪುಸ್ತಕದ ವ್ಯಾಪಾರಿಯ ದುಡ್ಡಿದೆ. ಅದೇ 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಹಳೆಯ ಕಾಮಿಕ್ಸ್‌ಗಳ ಬೆಲೆಪಟ್ಟಿಯನ್ನು ಪುಸ್ತಕವಾಗಿ ತಂದರು. ಪೇಟೆಯೂ ಸಿದ್ಧವಾಯಿತು, ಪೇಟೆಧಾರಣೆಯೂ ಸಿದ್ಧವಾಯಿತು.

ಮೇಜಿನ ಲೆಕ್ಕಾಚಾರ

ದೂರದಿಂದ ನೋಡುವವರಿಗೆ ಇದು ಕುಳಿತಲ್ಲೇ ಲಾಭ ತರುವ ಕಸುಬು. ಹತ್ತಿರ ಹೋದರೆ ಬೇರೆ ಚಿತ್ರ. ಮೇಜಿನ ಬಾಡಿಗೆಯನ್ನು ಮುಂಗಡವಾಗಿಯೇ ಕೊಡಬೇಕು. ಒಂದು ಪುಸ್ತಕವೂ ಮಾರಾಟವಾಗದಿದ್ದರೂ ಅದು ಮರಳಿ ಬರುವುದಿಲ್ಲ. ಕಾಗದ ಬಹಳ ಭಾರ. ಪೆಟ್ಟಿಗೆಗಳ ಸಾಗಣೆ, ಊಟ, ವಸತಿ, ಸಹಾಯಕ್ಕೆ ಒಬ್ಬ ಹುಡುಗ, ಇವೆಲ್ಲ ಸೇರಿದರೆ ಮೊದಲ ದಿನದ ಗಲ್ಲಾಪೆಟ್ಟಿಗೆ ಖರ್ಚಿಗೇ ಸರಿ.

ಜೋಡಣೆಗೂ ಒಂದು ಶಾಸ್ತ್ರವಿದೆ. ಬೆಲೆಬಾಳುವ ಪ್ರತಿಗಳನ್ನು ಬೆನ್ನ ಹಿಂದಿನ ಗೋಡೆಗೆ ಎತ್ತರದಲ್ಲಿ ತೂಗುಹಾಕುತ್ತಾರೆ. ಅವು ದಾರಿಹೋಕರನ್ನು ಸೆಳೆಯಲಿಕ್ಕೆ. ಮುಂದುಗಡೆ ಒಂದು ಅಗ್ಗದ ಪೆಟ್ಟಿಗೆ, ಅದು ಮಕ್ಕಳಿಗೆ. ನಡುವಿನ ಪೆಟ್ಟಿಗೆಗಳಲ್ಲಿ ಸಂಖ್ಯೆಯ ಕ್ರಮದಲ್ಲಿ ನಿಲ್ಲಿಸಿದ ಸಂಚಿಕೆಗಳೇ ನಿಜವಾದ ವ್ಯಾಪಾರ. ಅವನ್ನು ಹುಡುಕಿ ಬರುವವರ ಕೈಯಲ್ಲಿ ಒಂದು ಚೀಟಿ ಇರುತ್ತದೆ. ತಮ್ಮ ಬಳಿ ಇಲ್ಲದ ಸಂಚಿಕೆಗಳ ಪಟ್ಟಿ ಅದು. ನಾಲ್ಕು ವರ್ಷ ಹುಡುಕಿದ ಒಂದು ಸಂಖ್ಯೆ ಸಿಕ್ಕಾಗ ಆ ಮುಖ ಅರಳುವುದನ್ನು ನೋಡುವ ಸುಖ ಬೇರೆ ಅಂಗಡಿಯವರಿಗೆ ಇಲ್ಲ.

ಬಾಗಿಲು ತೆರೆಯುವ ಮೊದಲೇ ವ್ಯಾಪಾರಿಗಳು ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಳ್ಳುತ್ತಾರೆ. ಕೊನೆಯ ದಿನ ಮಧ್ಯಾಹ್ನದ ಮೇಲೆ ಚೌಕಾಸಿಗೆ ಬಲ ಬರುತ್ತದೆ. ತಂದದ್ದನ್ನು ಹೊತ್ತು ಮರಳುವುದಕ್ಕಿಂತ ನಾಲ್ಕು ಕಾಸು ಕಡಿಮೆಗೆ ಕೊಡುವುದು ಮೇಲು. ಇವೆಲ್ಲದರ ನಡುವೆ ಚೀಲ ಹಿಡಿದು ಯಾರಾದರೂ ಬರುತ್ತಾರೆ: ‘ನಮ್ಮ ತಂದೆಯವರದು, ತಗೊಳ್ತೀರಾ?’ ಚತುರ ವ್ಯಾಪಾರಿ ಕಾಯುವುದು ಈ ಗಳಿಗೆಗಾಗಿ. ಮಾರುವುದು ಸುಲಭ, ಒಳ್ಳೆಯ ಸರಕು ಕೊಳ್ಳುವುದೇ ಕಷ್ಟ.

ಬೆಲೆ ನಿಂತಿರುವುದು ಸ್ಥಿತಿಯ ಮೇಲೆ. ಪಿನ್ನಿಗೆ ತುಕ್ಕು ಹಿಡಿದಿದೆಯೇ, ನಡುವಿನ ಹಾಳೆ ಇದೆಯೇ, ಪದಬಂಧವನ್ನು ಯಾರಾದರೂ ಪೆನ್ಸಿಲ್ಲಿನಿಂದ ತುಂಬಿದ್ದಾರೆಯೇ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದಲ್ಲಿ 2000ದಲ್ಲಿ ಸಿ.ಜಿ.ಸಿ. ಎಂಬ ಸಂಸ್ಥೆ ಪುಸ್ತಕಕ್ಕೆ ಹತ್ತರ ತನಕ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಕೊಡುವ ಪದ್ಧತಿ ಆರಂಭಿಸಿತು. ಮೋಸ ಕಡಿಮೆಯಾಯಿತು, ನಿಜ. ಆದರೆ ಹಾಗೆ ಮುಚ್ಚಿದ ಪುಸ್ತಕವನ್ನು ಬಿಡಿಸಿ ಓದುವಂತಿಲ್ಲ!

ಕನ್ನಡದಲ್ಲೇ ಮೊದಲು

ಭಾರತಕ್ಕೆ ಈ ಸಮಾವೇಶ ಬಂದದ್ದು ತಡವಾಗಿ. ದೆಹಲಿಯಲ್ಲಿ 2011ರ ಫೆಬ್ರುವರಿಯಲ್ಲಿ ಮೊದಲ ಕಾಮಿಕ್ ಕಾನ್ ನಡೆಯಿತು. 2012ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೋರಮಂಗಲದ ಒಳಾಂಗಣ ಕ್ರೀಡಾಂಗಣಕ್ಕೂ ಅದು ಬಂತು. ವೇಷ ತೊಟ್ಟ ಯುವಕ ಯುವತಿಯರು, ಅಂಗಿ, ಗೊಂಬೆ, ಭಿತ್ತಿಚಿತ್ರಗಳ ಮಳಿಗೆಗಳು ಅಲ್ಲಿ ಕಣ್ಣು ಸೆಳೆಯುತ್ತವೆ. ಹಳೆಯ ಕಾಗದಕ್ಕೆ ದೊರೆಯುವ ಜಾಗ ಕಿರಿದು. ಇದು ನಮ್ಮಲ್ಲಿ ಮಾತ್ರವಲ್ಲ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಸ್ಯಾನ್ ಡಿಯಾಗೊದಲ್ಲಿ ಮಳಿಗೆ ಹಾಕಿದ್ದ ಮೈಲ್ ಹೈ ಕಾಮಿಕ್ಸ್‌ನ ಚಕ್ ರೊಜಾನ್ಸ್ಕಿ 2017ರಲ್ಲಿ ಅಲ್ಲಿಗೆ ಬರುವುದನ್ನೇ ನಿಲ್ಲಿಸಿದರು.

ಆದರೆ ಕನ್ನಡಿಗರಿಗೆ ಈ ಹಳೆಯ ಕಾಗದದಲ್ಲಿ ವಿಶೇಷವಾದ ಹಕ್ಕೊಂದಿದೆ. ಅಮರ ಚಿತ್ರಕಥೆ ಎಂದೊಡನೆ ನೆನಪಾಗುವ ಅನಂತ ಪೈ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದವರು. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಇಂದ್ರಜಾಲ ಕಾಮಿಕ್ಸ್ ಆರಂಭಿಸಿದಾಗ ಅವರು ಆ ಸಂಸ್ಥೆಯಲ್ಲಿದ್ದರು. ಗ್ರೀಕ್ ಪುರಾಣ ಬಲ್ಲ ದೆಹಲಿಯ ಮಕ್ಕಳು ದೂರದರ್ಶನದ ರಸಪ್ರಶ್ನೆಯಲ್ಲಿ ರಾಮನ ತಾಯಿಯ ಹೆಸರು ಹೇಳಲಾರದೆ ಹೋದದ್ದು ಅವರನ್ನು ಚಿತ್ರಕಥೆಗೆ ತಂದಿತೆಂಬ ಕಥೆ ಪ್ರಸಿದ್ಧ. ಆರಂಭದ ವರ್ಷ 1967 ಎಂದೇ ಬಹುಕಡೆ ನಮೂದಾಗಿದೆ.

ಇದಕ್ಕೊಂದು ಪೂರ್ವಕಥೆ ಇದೆ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು 1965ರ ಸುಮಾರಿಗೆ ಕನ್ನಡದಲ್ಲಿ ಚಿತ್ರಕಥೆಗಳನ್ನು ತರುವ ಯೋಚನೆ ಮುಂದಿಟ್ಟರು. ಅಮರ ಚಿತ್ರಕಥೆ ಮೊದಲು ಹೊರಬಂದದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ ಎಂಬುದು ಅವರ ಮಾತು. ಅಮೆರಿಕದ ವಿದ್ವಾಂಸೆ ಕಾರ್ಲೀನ್ ಮೆಕ್‌ಲೇನ್ 2009ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದು ದಾಖಲಾಗಿದೆ. ಮಾಲೆಯ ಮೊದಲ ಹತ್ತು ಪುಸ್ತಕಗಳು ಸಿಂಡ್ರೆಲಾ, ಪಿನೋಕಿಯೋದಂಥ ಪರದೇಶದ ಕಥೆಗಳು. ರಾಮ್ ವಾಯೀರ್ಕರ್ ಚಿತ್ರ ಬರೆದ ಪ್ರಸಿದ್ಧ ‘ಕೃಷ್ಣ’ದ ಸಂಖ್ಯೆ ಒಂದಲ್ಲ, ಹನ್ನೊಂದು. ಯಾಕೆ ಎಂದು ತಲೆ ಕೆರೆದುಕೊಂಡವರಿಗೆ ಉತ್ತರ ಇಲ್ಲಿದೆ.

ಮುಂದೆ ಈ ಮಾಲೆ ಇಪ್ಪತ್ತು ಭಾಷೆಗಳಲ್ಲಿ ಹತ್ತು ಕೋಟಿ ಪ್ರತಿಗಳನ್ನು ದಾಟಿತು. ಇಂಥ ದೊಡ್ಡ ಮರದ ಬೀಜ ಕನ್ನಡದ್ದು ಎಂಬುದಕ್ಕೆ ಕೈಗೆ ಸಿಗುವ ಪುರಾವೆ ಯಾವುದು? ಆ ಕಾಲದ ಕನ್ನಡ ಪ್ರತಿಗಳೇ. ಅವು ಎಲ್ಲಿವೆ? ಮಕ್ಕಳ ಚಿತ್ರಪುಸ್ತಕವನ್ನು ಕಾಪಿಡಬೇಕೆಂದು ಊರ ಗ್ರಂಥಾಲಯಗಳಿಗೆ ಅನ್ನಿಸಲಿಲ್ಲ. ಬಾಡಿಗೆ ಲೈಬ್ರರಿಗಳು ಮುಚ್ಚಿದಾಗ ಪುಸ್ತಕಗಳು ಚದುರಿದವು. ಇಂದ್ರಜಾಲ ಕನ್ನಡ ಸೇರಿದಂತೆ ಹಲವು ಭಾಷೆಗಳಲ್ಲಿ ಬಂದು 1990ರಲ್ಲಿ ನಿಂತಿತು. 1949ರಲ್ಲಿ ಕನ್ನಡಕ್ಕೆ ಬಂದು, ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯರ ವರ್ಣಚಿತ್ರಗಳಿಂದ ಮನೆಮಾತಾದ ಚಂದಮಾಮವೂ ಈಗ ಇಲ್ಲ. ಉಳಿದದ್ದೇನಿದ್ದರೂ ಮನಗೂಳಿಯಂಥ ಊರುಗಳ ಟ್ರಂಕುಗಳಲ್ಲಿ, ಬೆಂಗಳೂರಿನ ಅವೆನ್ಯೂ ರಸ್ತೆ, ಚರ್ಚ್ ಸ್ಟ್ರೀಟುಗಳ ಹಳೆ ಪುಸ್ತಕದಂಗಡಿಗಳಲ್ಲಿ.

ಬೆಲೆ ಕಟ್ಟಿದರೆ ತಪ್ಪೇ?

ಮಕ್ಕಳ ಪುಸ್ತಕಕ್ಕೆ ಸಾವಿರಾರು ರೂಪಾಯಿ ಹೇಳುವವನನ್ನು ಕಂಡರೆ ನಮಗೆ ಸಿಟ್ಟು ಬರುತ್ತದೆ. ಕಿಲೋ ಲೆಕ್ಕದಲ್ಲಿ ಕೊಂಡು ಚಿನ್ನದ ಲೆಕ್ಕದಲ್ಲಿ ಮಾರುವುದು ನ್ಯಾಯವೇ? ರೊಜಾನ್ಸ್ಕಿಯ ಹೆಸರು ಮೇಲೆ ಬಂತಷ್ಟೆ. ಆತ 1977ರಲ್ಲಿ ಎಡ್ಗರ್ ಚರ್ಚ್ ಎಂಬವರ ಕೊಲೊರಾಡೊದ ಮನೆಯಿಂದ 18,000ಕ್ಕೂ ಹೆಚ್ಚು ಕಾಮಿಕ್ಸ್‌ಗಳನ್ನು ಅತಿ ಅಗ್ಗವಾಗಿ ಕೊಂಡರು. ಹೊಸದರಂತಿದ್ದ ಆ ಸಂಗ್ರಹ ಈ ವ್ಯಾಪಾರದ ಇತಿಹಾಸದಲ್ಲೇ ಅತ್ಯಂತ ಹೆಸರಾದದ್ದು. ಮನೆಯವರಿಗೆ ಸಿಕ್ಕಿದ್ದು ಅದರ ಬೆಲೆಯ ಅತ್ಯಲ್ಪ ಪಾಲು. ಅದು ಅನ್ಯಾಯ ಎನ್ನುವವರಿದ್ದಾರೆ. ಆತ ಬರದಿದ್ದರೆ ಅದು ಕಸದ ಗಾಡಿಯ ಪಾಲಾಗುತ್ತಿತ್ತು ಎನ್ನುವವರೂ ಇದ್ದಾರೆ. ಎರಡೂ ಮಾತಿನಲ್ಲಿ ಸತ್ಯವಿದೆ.

ಬೆಲೆ ಇದೆ ಎಂದು ಗೊತ್ತಾದ ಮೇಲೆಯೇ ಅಮೆರಿಕದ ತಾಯಂದಿರು ಕಾಮಿಕ್ಸ್ ಎಸೆಯುವುದನ್ನು ಬಿಟ್ಟರು. ಪ್ರೀತಿ ಉಳಿಸಲಾರದ್ದನ್ನು ಬೆಲೆ ಉಳಿಸಿತು. ಹಾಗೆಂದು ವ್ಯಾಪಾರಿಗೆ ಧರ್ಮ ಬೇಡವೆಂದಲ್ಲ. ಅಜ್ಜಿಯೊಬ್ಬಳು ಚೀಲ ತಂದರೆ ಅದರಲ್ಲಿರುವುದು ಏನೆಂದು ಹೇಳಿ ಕೊಳ್ಳುವವನು ಮತ್ತೊಂದು ಚೀಲ ಕಂಡಾನು. ಹೇಳದೆ ಕೊಂಡವನಿಗೆ ಅದೇ ಕೊನೆಯದು. ನಂಬಿಕೆಯೇ ಈ ಕಸುಬಿನ ಬಂಡವಾಳ.

ಹಳೆಯದೆಲ್ಲ ಬೆಲೆಬಾಳುತ್ತದೆ ಎಂಬ ಭ್ರಮೆಯೂ ಬೇಡ. ಕೋಟಿಗಟ್ಟಲೆ ಅಚ್ಚಾದ ಅಮರ ಚಿತ್ರಕಥೆಯ ಮರುಮುದ್ರಣಕ್ಕೆ ಹೆಚ್ಚು ಗಿರಾಕಿಗಳಿಲ್ಲ. ಮೊದಲ ಮುದ್ರಣವೇ, ಸಂಖ್ಯೆ ಯಾವುದು, ಭಾಷೆ ಯಾವುದು, ಪುಟಗಳೆಲ್ಲ ಇವೆಯೇ, ಇವೇ ಪ್ರಶ್ನೆಗಳು. ಹಿಂಬದಿಯ ಬೆಲೆ, ಪ್ರಕಾಶಕರ ವಿಳಾಸ, ಪ್ರಕಟವಾದ ಪುಸ್ತಕಗಳ ಪಟ್ಟಿ ಎಲ್ಲಿಗೆ ನಿಂತಿದೆ ಎಂಬುದು ಮುದ್ರಣದ ಕಾಲವನ್ನು ಹೇಳಿಬಿಡುತ್ತದೆ.

ಟ್ರಂಕು ತೆರೆದಾಗ

ಬಿಜಾಪುರ ಎಂದೇ ಹೆಸರಿದ್ದ ಜಿಲ್ಲಾ ಕೇಂದ್ರದಲ್ಲಿ 2013ರ ಫೆಬ್ರುವರಿಯಲ್ಲಿ 79ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಪುಸ್ತಕ ಮಳಿಗೆಗೆ ಮುಗಿಬೀಳುವ ಜನರನ್ನು ಇಂಥ ಸಮ್ಮೇಳನಗಳಲ್ಲಿ ನೋಡಿದವರಿಗೆ ಗೊತ್ತು, ಓದುವ ಹಸಿವು ಈ ಒಣನೆಲದಲ್ಲಿ ಕಡಿಮೆಯಿಲ್ಲ. ಕನ್ನಡಿಗರ ದೊಡ್ಡ ‘ಕನ್ವೆನ್ಷನ್’ ಎಂದರೆ ಇದೇ ಅಲ್ಲವೇ? ಇಂಥ ಕಡೆ, ಅಥವಾ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ, ಶ್ರಾವಣದ ಬಾಗೇವಾಡಿ ಜಾತ್ರೆಯಲ್ಲಿ ಹಳೆಯ ಚಿತ್ರಕಥೆಗಳಿಗೆಂದೇ ಒಂದು ಮೇಜು ಇಡಬಹುದು. ಕೋಟಿ ರೂಪಾಯಿ ಬರಲಿಕ್ಕಿಲ್ಲ. ಅಪ್ಪ ಓದಿದ್ದನ್ನು ಮಗಳು ನೋಡಿಯಾಳು. ಯಾವನೋ ಒಬ್ಬ ಪಟ್ಟಿ ಹಿಡಿದು ಬಂದಾನು.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದದ್ದು ಸ್ವಲ್ಪ. ಮಲೆನಾಡು, ಕರಾವಳಿಯಲ್ಲಿ ಪುಸ್ತಕದ ಶತ್ರು ಬೂಷ್ಟು. ನಮ್ಮ ಸೀಮೆಯ ಗಾಳಿ ಒಣಗಿದ್ದು. ಆ ಭಯ ಕಡಿಮೆ. ಆದರೆ ಮಾಳಿಗೆಯ ಕೆಳಗಿನ ತಗಡಿನ ಟ್ರಂಕು ಬೇಸಿಗೆಯಲ್ಲಿ ಒಲೆಯಂತೆ ಕಾಯುತ್ತದೆ. ಅಗ್ಗದ ಕಾಗದ ಹಳದಿಯಾಗಿ ಹಪ್ಪಳದಂತೆ ಮುರಿಯುತ್ತದೆ. ಗೆದ್ದಲಂತೂ ಇದ್ದೇ ಇದೆ. ತಂಪಾದ ಕಪಾಟಿನಲ್ಲಿ, ನೆಲ ಗೋಡೆ ತಾಗದಂತೆ, ಬಿಸಿಲು ಬೀಳದಂತೆ ಇಡಬೇಕು. ಹರಿದಲ್ಲಿ ಸೆಲೋಟೇಪ್ ಹಚ್ಚಬಾರದು. ಅದರ ಅಂಟು ಕಾಗದವನ್ನು ತಿನ್ನುತ್ತದೆ. ಒಂದೆಡೆ ಇರಲೆಂದು ಬೈಂಡ್ ಮಾಡಿಸಿದರೆ ಬೈಂಡರಿನವನು ಅಂಚು ಕತ್ತರಿಸುತ್ತಾನೆ, ಬೆಲೆಯೂ ಅಲ್ಲೇ ಕತ್ತರಿಸಿಹೋಗುತ್ತದೆ. ಮೊದಲ ಪುಟದಲ್ಲಿ ‘ನಾಲ್ಕನೇ ಇಯತ್ತೆ, ಕನ್ನಡ ಗಂಡು ಮಕ್ಕಳ ಶಾಲೆ’ ಎಂದು ಮಸಿಯಲ್ಲಿ ಬರೆದ ಹೆಸರನ್ನು ಉಜ್ಜಬೇಡಿ. ಅಂಕ ಕೊಡುವವರು ಅದಕ್ಕೆ ಅಂಕ ಕಳೆಯಬಹುದು. ಆ ಪುಸ್ತಕ ಒಬ್ಬ ಹುಡುಗನ ಕೈಯಲ್ಲಿತ್ತು ಎಂಬುದಕ್ಕೆ ಇರುವ ಸಾಕ್ಷಿ ಮಾತ್ರ ಅದೊಂದೇ.