ಅಚ್ಚಿಗೂ ಜಾಲಕ್ಕೂ ಒಂದೇ ಸುದ್ದಿಮನೆ

2019ರ ಸೆಪ್ಟೆಂಬರ್ 7ರ ನಡುರಾತ್ರಿ ಕಳೆದಿತ್ತು. ಚಂದ್ರನ ನೆಲ ಇನ್ನು 2.1 ಕಿ.ಮೀ. ಇದೆ ಎನ್ನುವಾಗ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರಿನ ಸಂಪರ್ಕ ಕಡಿಯಿತು. ಆಗ ಗಂಟೆ ಸುಮಾರು ಎರಡು. ದೂರದ ಜಿಲ್ಲೆಗಳಿಗೆ ಹೋಗುವ ಪತ್ರಿಕೆಯ ಕಟ್ಟುಗಳು ಅಷ್ಟು ಹೊತ್ತಿಗೆ ವ್ಯಾನ್ ಹತ್ತಿಬಿಟ್ಟಿರುತ್ತವೆ. ಸುದ್ದಿ ಮೊದಲು ಮುಟ್ಟಿಸಿದ್ದು ಟಿ.ವಿ., ಮೊಬೈಲು.

2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದು ಸಂಜೆ 6.04ಕ್ಕೆ. ಜಾಲತಾಣಗಳು ಕ್ಷಣದಲ್ಲೇ ಸುದ್ದಿ ಕೊಟ್ಟವು. ಪತ್ರಿಕೆಗಳ ಕೈಯಲ್ಲಿ ಈ ಸಲ ಕೆಲವು ಗಂಟೆಗಳಿದ್ದವು. ‘ಇಳಿಯಿತು’ ಎಂಬುದು ಬೆಳಗಿನ ಓದುಗರಿಗೆ ಹಳೆಯದು. ಲ್ಯಾಂಡರಿನ ಕಾಲು ಗಟ್ಟಿಗೊಳಿಸಿದ್ದು, ಇಂಧನ ಹೆಚ್ಚಿಸಿದ್ದು, ಇಳಿಯುವ ಜಾಗ ಹಿಗ್ಗಿಸಿದ್ದು ಯಾಕೆಂದು ಬಿಡಿಸಿ ಹೇಳುವುದೇ ಅಚ್ಚಿಗೆ ಉಳಿದ ಕೆಲಸ.

ಹೊರಗಿನಿಂದ ಅಚ್ಚು, ಜಾಲಗಳ ಪೈಪೋಟಿಯಂತೆ ಕಂಡರೂ ಒಳಗೆ ಇದು ಕೆಲಸದ ಹಂಚಿಕೆ. ಪ್ರಜಾವಾಣಿ, ಉದಯವಾಣಿ, ವಿಜಯ ಕರ್ನಾಟಕ ಮೂರಕ್ಕೂ ಜಾಲತಾಣ, ಇ-ಪೇಪರ್ ಇವೆ. ಹೆದ್ದಾರಿಯಲ್ಲಿ ಅಪಘಾತವಾದರೆ ಜಿಲ್ಲಾ ವರದಿಗಾರರು ನಾಲ್ಕು ಸಾಲು, ಒಂದು ಫೋಟೊವನ್ನು ಸ್ಥಳದಿಂದಲೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಆಮೇಲೆ ಆಸ್ಪತ್ರೆ, ಠಾಣೆ ಸುತ್ತಿ ಬಂದು ಪೂರ್ತಿ ವರದಿ ಬರೆಯುತ್ತಾರೆ. ಜಾಲದಲ್ಲಿ ತಪ್ಪಿದರೆ ಕೂಡಲೇ ಸರಿಪಡಿಸಬಹುದು. ಅಚ್ಚಾದ ತಪ್ಪಿಗೆ ಮರುದಿನದ ‘ತಿದ್ದುಪಡಿ’ಯೇ ಗತಿ. ಹಾಗಾಗಿ ಮೃತರ ಹೆಸರು, ವಯಸ್ಸು, ಊರನ್ನು ಡೆಸ್ಕಿನವರು ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ.

ಅಚ್ಚಿನ ಪ್ರತಿ ತಲುಪದ ಕಡೆಗೆ ಜಾಲವೇ ಅದನ್ನು ಮುಟ್ಟಿಸುತ್ತದೆ: ದುಬೈಯಲ್ಲಿರುವ ಕರಾವಳಿಯವರಿಗೆ ಊರಿನ ಪುಟ ಇಂದು ಇ-ಪೇಪರಿನಲ್ಲೇ ಸಿಗುತ್ತದೆ.

ಖರ್ಚಿನ ಲೆಕ್ಕವೂ ಎರಡನ್ನು ಬೆಸೆದಿದೆ. ಓದುಗ ಕೊಡುವ ಬೆಲೆಯಲ್ಲಿ ಕಾಗದ, ಅಚ್ಚು, ಸಾಗಣೆಯ ಖರ್ಚು ಹುಟ್ಟುವುದಿಲ್ಲ, ಜಾಹೀರಾತು ಬೇಕೇಬೇಕು. ಅದರ ಹಣದಲ್ಲೇ ತಾಲ್ಲೂಕಿನ ವರದಿಗಾರರ ಸಂಭಾವನೆಯೂ ಸಾಗಬೇಕು. ಜಾಲದಲ್ಲಿ ಪುಕ್ಕಟೆ ಓದುವ ಸುದ್ದಿಯ ಹಿಂದೆಯೂ ಅವರದೇ ಓಡಾಟವಿರುವುದರಿಂದ, ಅಚ್ಚು ಸೊರಗಿದರೆ ಜಾಲಕ್ಕೂ ಪೆಟ್ಟು.

ಕಾನೂನು ಕೂಡ ಎರಡನ್ನೂ ಕೇಳುತ್ತದೆ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆಯನ್ನು ಆ ಭಾಗದಲ್ಲಿ ಓಡಾಡುವ ಎರಡು ದಿನಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅದರಲ್ಲೊಂದು ಪ್ರಾದೇಶಿಕ ಭಾಷೆಯದಾಗಿರಬೇಕು. ಸರ್ಕಾರದ ಜಾಲತಾಣಕ್ಕೂ ಏರಿಸಬೇಕು. ಆಕ್ಷೇಪಣೆಗೆ ಇರುವುದು 60 ದಿನ. ತನ್ನ ಸರ್ವೆ ನಂಬರ್ ಆ ಪಟ್ಟಿಯಲ್ಲಿದೆ ಎಂಬುದು ಹಳ್ಳಿಯ ರೈತನಿಗೆ ಹೋಟೆಲಿನ ಪತ್ರಿಕೆಯಿಂದ ತಿಳಿಯಲಿ, ಪಟ್ಟಣದಲ್ಲಿರುವ ಮಗನ ಮೊಬೈಲಿನಿಂದ ತಿಳಿಯಲಿ, ಗಡುವಿನೊಳಗೆ ತಿಳಿಯಬೇಕು.